ಬೆಳಗಿನ ಜಾವದ ಗೆರೆ

ನಾಗಮಂಗಲ
೧೨ ಜುಲೈ ೨೦೨೫

ಪ್ರೀತಿಯ ಅತ್ತಿಗೆ,

ಅಣ್ಣನಿಗೆ ಫೋನ್ ಮಾಡಿದರೆ ಅವನು "ಎಲ್ಲಾ ಚೆನ್ನಾಗಿದೀವಿ ಕಣೆ" ಎಂದು ಇಡೀ ಮನೆಯ ಸಮಾಚಾರವನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾನೆ. ಫೋನನ್ನು ನಿಮ್ಮ ಕೈಗೆ ಕೊಡಿಸಿದರೆ ನಿಮಗೆ ಬರೀ ಗೊರಗೊರ ಸದ್ದು. ಎದುರಿಗೆ ನಿಂತರೆ ತುಟಿ ನೋಡಿಯೇ ಎಲ್ಲವನ್ನೂ ತಿಳಿದುಕೊಳ್ಳುವ ನಿಮಗೂ ನನಗೂ ನಡುವೆ ಈಗ ಅಂಚೆಯವನೇ ದಿಕ್ಕು. ಅದಕ್ಕೆ ಬೇಜಾರಿಲ್ಲ. ದಿನವಿಡೀ ಮಕ್ಕಳಿಗೆ ವಿಜ್ಞಾನ ಒದರಿ, ಬಿಂಡಿಗನವಿಲೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ಮೇಲೆ, ನಿಮಗೆ ಬರೆಯಲು ಕೂತ ಹೊತ್ತೇ ನನ್ನ ಬಾಯಿಗೆ ರಜೆ.

ಬಾಬುರಾಯನಕೊಪ್ಪಲಿನ ಹೊಸ ಮನೆಗೆ ಸ್ಮಾರ್ಟ್ ಮೀಟರು ಕೂರಿಸಿದ್ದಕ್ಕೆ ನೀವು ಮುಖ ಊದಿಸಿಕೊಂಡಿದ್ದೀರಂತೆ. ಅಣ್ಣ ಹೇಳಿದ. ಹೊಸ ಸಂಪರ್ಕವೆಂದರೆ ಅದನ್ನೇ ಹಾಕುವುದು, ಬೇಡವೆಂದರೆ ಯಾರೂ ಕೇಳುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಅದು ಒಳ್ಳೆಯದೇ. ಹಳೇ ಮೀಟರು ತಿಂಗಳಿಗೊಮ್ಮೆ ಒಂದು ಅಂಕಿ ಹೇಳಿ ಸುಮ್ಮನಾಗುತ್ತಿತ್ತು. ಇದು ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಖರ್ಚಾಯಿತೆಂದು ಫೋನಿಗೇ ತಿಳಿಸುತ್ತದೆ. ಅಣ್ಣನಿಗೆ ಒಟಿಪಿ ಎಂದರೆ ಜ್ವರ ಬರುತ್ತದಲ್ಲ, ಹಾಗಾಗಿ ನನ್ನ ನಂಬರನ್ನೇ ಕೊಟ್ಟಿದ್ದೇವೆ. ನಿಮ್ಮ ಮನೆಯ ಕರೆಂಟು ಇಲ್ಲಿ ನನ್ನ ಅಂಗೈಯಲ್ಲಿ ಗೆರೆಗೆರೆಯಾಗಿ ಏಳುತ್ತದೆ, ಬೀಳುತ್ತದೆ. ಸಂಜೆ ಟೀವಿ ಮುಂದೆ ಅಣ್ಣ ನಿದ್ದೆ ಹೋದದ್ದೂ, ನೀವು ಬಂದು ಅದನ್ನು ಆರಿಸಿದ್ದೂ ನನಗೆ ಗೊತ್ತಾಗುತ್ತದೆ.

ಒಂದೇ ಒಂದು ಗೆರೆ ಅರ್ಥವಾಗಲಿಲ್ಲ. ಬೆಳಗಿನ ಜಾವ, ಕೋಳಿ ಕೂಗುವ ಹೊತ್ತಿಗೆ, ದಿನದಲ್ಲೇ ಎಲ್ಲಕ್ಕಿಂತ ಎತ್ತರದ ಗೆರೆ. ಆ ಹೊತ್ತಿನಲ್ಲಿ ನೀವು ಮಡಿಯುಟ್ಟು ನಮ್ಮ ಮನೆತನದ ವೇಣುಗೋಪಾಲನಿಗೆ ನೈವೇದ್ಯದ ಅನ್ನಕ್ಕಿಡುತ್ತೀರಿ. ಆ ಒಲೆಯೋ ಸೌದೆ ಒಲೆ. ದೇವರ ಅಡುಗೆಮನೆಯೊಳಕ್ಕೆ ಕರೆಂಟಿನ ತಂತಿಯೇ ಬರಕೂಡದೆಂದು ಅಮ್ಮ ಕಟ್ಟಪ್ಪಣೆ ಮಾಡಿ ಹೋದವಳು. ಮತ್ತೆ ಇದೇನು, ಗೀಜರೋ?

ನಿಮ್ಮ
ಆರತಿ

*

ಬಾಬುರಾಯನಕೊಪ್ಪಲು
೨೩ ಜುಲೈ ೨೦೨೫

ಆರತಿ,

ನಿನ್ನ ಕಾಗದ ಬಂತು. ಹಳೇ ಮನೆಗೂ ದೇವರ ಹಾಲು ತಂದುಕೊಡುತ್ತಿದ್ದ ಪುಟ್ಟಲಕ್ಷ್ಮಮ್ಮ ಈಗ ನಮ್ಮ ಪಕ್ಕದ ಮನೆಯವಳೇ ತಾನೆ. ಮೊನ್ನೆ ಮೀಟರಿನ ಮುಂದೆ ನಿಂತು ಅದರ ಕೆಂಪು ದೀಪ ನೋಡಿ, "ಇದೇನ್ರವ್ವ, ಕಣ್ ಮಿಟುಕಿಸ್ಕಂಡು ನಮ್ಮನ್ನೇ ನೋಡ್ತಾ ಅದೆ. ನಮ್ಮನೇಗೇನಾರ ಇದ್ನ ತಂದ್ರೆ ಗೋಣಿಚೀಲ ಮುಚ್ಬುಡ್ತೀನಿ" ಅಂದಳು. ಆಗ ನಾನು ನಕ್ಕಿದ್ದೆ. ನಿನ್ನ ಕಾಗದ ಓದಿದ ಮೇಲೆ ಆ ಗೋಣಿಚೀಲ ನಾನೇ ಇಸಿದುಕೊಳ್ಳೋಣವೆನ್ನಿಸಿತು.

ಬೆಳಗಿನ ಗೆರೆ ಗೀಜರಿನದೇ. ನಿಮ್ಮಣ್ಣನಿಗೆ ವಯಸ್ಸಾಯಿತಲ್ಲ, ಸ್ನಾನಕ್ಕೆ ಬಿಸಿನೀರು ಬೇಕು. ಅಷ್ಟಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ಈ ಮನೆ ಚೆನ್ನಾಗಿದೆ, ಸೋರುವುದಿಲ್ಲ. ಆದರೆ ಹಳೇ ಮನೆಯ ಹಾಗೆ ನಡುವೆ ತೊಟ್ಟಿಯಿಲ್ಲ, ಗಾಳಿ ಆಡುವುದಿಲ್ಲ. ಕಾವೇರಿ ತುಂಬಿ ಹರಿಯುತ್ತಿದ್ದಾಳೆ. ಜಡಿಮಳೆ ಹಿಡಿದರೆ ಹಾಕಿದ ಬಟ್ಟೆ ಹಾಕಿದ ಹಾಗೇ ಇರುತ್ತದೆ. ನಿಮ್ಮಣ್ಣ ನೈವೇದ್ಯದ ತಪ್ಪಲೆಯನ್ನು ಮೊಪೆಡ್ಡಿನಲ್ಲಿ ಇಟ್ಟುಕೊಂಡು ಶ್ರೀರಂಗಪಟ್ಟಣದ ಗುಡಿಗೆ ಹೋಗುತ್ತಾರೆ. ಮಳೆಯಲ್ಲಿ ಜಾರಿಬಿದ್ದಾರೆಂದು ಅವರು ತಿರುಗಿ ಬರುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ.

ಗಂಟಲು ಸ್ವಲ್ಪ ಕಟ್ಟಿದೆ, ಬೇರೇನಿಲ್ಲ. ನೀನು ಬಸ್ಸಿನ ಬಾಗಿಲಲ್ಲಿ ನಿಲ್ಲಬೇಡ.

ಇಂದಿರ

*

ನಾಗಮಂಗಲ
೧೦ ಆಗಸ್ಟ್ ೨೦೨೫

ಅತ್ತಿಗೆ,

ನಿನ್ನೆ ಉಪಾಕರ್ಮ ಮುಗಿಸಿ ಅಣ್ಣ ಫೋನ್ ಮಾಡಿದ್ದ. ಮಾತಿನ ನಡುವೆ ಬಿಸಿನೀರು ಸರಿಯಾಗಿ ಬರುತ್ತಿದೆಯಾ ಎಂದೆ. "ಬಿಸಿನೀರಾ? ನನಗೇನು ಬಾಣಂತನವಾ? ದಿನಾ ನದಿಗೇ ಹೋಗ್ತೀನಿ" ಎಂದು ನಕ್ಕ.

ನಾನು ನಗಲಿಲ್ಲ.

ನೀವು ಕರೆಂಟಿನ ಒಲೆ ತಂದಿದ್ದೀರಿ ತಾನೆ? ತಂದರೆ ತಪ್ಪೆಂದು ನಾನು ಹೇಳುವವಳಲ್ಲ. ಮದುವೆಯಾಗಿ ಬಂದ ವರ್ಷದಿಂದ ಆ ಹೊಗೆ ಕುಡಿದಿದ್ದೀರಿ, ಸಾಕಾಗಿರುತ್ತದೆ. ಬೆಂಕಿ ಎಲ್ಲಿಂದ ಬಂದರೂ ಅಕ್ಕಿ ಬೇಯುವ ಕ್ರಮ ಒಂದೇ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ನನಗೆ ನೋವಾದದ್ದು ಒಲೆಗಲ್ಲ, ಗೀಜರೆಂದು ನನ್ನ ಹತ್ತಿರವೂ ಸುಳ್ಳು ಹೇಳಿದಿರಲ್ಲ, ಅದಕ್ಕೆ.

ಹೆದರಬೇಡಿ. ಈ ಸಂಗತಿ ನನ್ನ ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ಮುಂದಿನ ಭಾನುವಾರ ಕೆ.ಆರ್. ಪೇಟೆಯಲ್ಲಿ ದೊಡ್ಡಪ್ಪನ ಮನೆಯ ಸತ್ಯನಾರಾಯಣ ಪೂಜೆಗೆ ಹೋಗುತ್ತೇನೆ. ನೀವು ಬರುವುದಿಲ್ಲವೆಂದು ಅಣ್ಣ ಹೇಳಿದ.

ಆರತಿ

*

ನಾಗಮಂಗಲ
೨೪ ಆಗಸ್ಟ್ ೨೦೨೫

ಅತ್ತಿಗೆ,

ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಕಾದು ನೋಡಿ ನಾನೇ ಬರೆಯುತ್ತಿದ್ದೇನೆ.

ದೊಡ್ಡಪ್ಪನ ಮನೆಯಲ್ಲಿ ಪೂಜೆ ಚೆನ್ನಾಯಿತು. ಊಟಕ್ಕೆ ಕೂತಾಗ ಮೀಟರಿನ ಮಾತು ಬಂತು. ಪಾಂಡವಪುರದ ಸುಶಮೀಂದ್ರ, ನಮ್ಮ ಚಿಕ್ಕಪ್ಪನ ಮಗ, ನಿಮಗೆ ಗೊತ್ತಲ್ಲ ಅವನ ಬಾಯಿ, ಈ ಮೀಟರುಗಳಿಂದ ಮನೆಯವರಿಗೆ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಶುರು ಮಾಡಿದ. ನಾನು ಇದೆ ಎಂದೆ. ಮಾತಿಗೆ ಮಾತು ಬೆಳೆಯಿತು. ಹೇಗೋ ನಿಮ್ಮ ಮನೆಯ ಬೆಳಗಿನ ಗೆರೆಯ ಸುದ್ದಿ ಹೊರಗೆ ಬಿತ್ತು. ದೊಡ್ಡಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೇ ಇಟ್ಟು, "ದೇವರ ಅನ್ನ ಕರೆಂಟಿನಲ್ಲಿ ಬೇಯ್ತಾ ಇದೆಯೇನಮ್ಮ?" ಎಂದು ಕೇಳಿದರು. ನನಗೆ ಸರಿಯಾಗಿ ಗೊತ್ತಿಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅವರು ಅಲ್ಲಿಗೆ ಬಂದರೂ ಬರಬಹುದು. ಬಂದರೆ ಏನಾದರೂ ಒಂದು ಹೇಳಿಬಿಡಿ. ನನಗೆ ಅವತ್ತಿನಿಂದ ಊಟ ಸೇರುತ್ತಿಲ್ಲ.

ಆರತಿ

*

ಬಾಬುರಾಯನಕೊಪ್ಪಲು
೫ ಸೆಪ್ಟೆಂಬರ್ ೨೦೨೫

ಚಿ. ಸೌ. ಆರತಿಗೆ ಇಂದಿರ ಮಾಡುವ ಆಶೀರ್ವಾದ.

ಗಣೇಶನ ಹಬ್ಬದ ಮಾರನೆಯ ದಿನ ದೊಡ್ಡಪ್ಪನವರು ಬಂದಿದ್ದರು. ನನ್ನನ್ನು ಏನೂ ಕೇಳಲಿಲ್ಲ, ಇವಳಿಗೆ ಹೇಗೂ ಕೇಳಿಸುವುದಿಲ್ಲವೆಂದು ಇರಬೇಕು. ನಿಮ್ಮಣ್ಣನನ್ನು ಕೇಳಿದರು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಇನ್ನು ಮೇಲೆ ನೈವೇದ್ಯ ಪಾಂಡವಪುರದಿಂದ, ಸುಶಮೀಂದ್ರನ ಮನೆಯಿಂದ, ಕಾರಿನಲ್ಲಿ ಬರುತ್ತದೆ ಎಂದು ತೀರ್ಮಾನವಾಯಿತು. ಬರುತ್ತಲೂ ಇದೆ. ನಾನು ಒಲೆ ಸಾರಿಸಿ ರಂಗೋಲಿ ಹಾಕಿ ಇಟ್ಟಿದ್ದೇನೆ.

ಒಂದು ಮಾತು ಕೇಳುತ್ತೇನೆ. ಸುದ್ದಿ ಹೇಗೋ ಹೊರಗೆ ಬಿತ್ತು ಎಂದು ಬರೆದಿದ್ದೀಯ. ಹೇಗೆ?

ಇಂದಿರ

*

ನಾಗಮಂಗಲ
೬ ಅಕ್ಟೋಬರ್ ೨೦೨೫

ಅತ್ತಿಗೆ,

ತಡವಾಗಿ ಬರೆಯುತ್ತಿದ್ದೇನೆ. ಏನು ಬರೆಯಲಿ ಎಂದು ತಿಳಿಯದೆ ಬರೆಯಲಿಲ್ಲ. ದಸರಾ ರಜೆಯಲ್ಲಿ ಪ್ರತಿ ಸಲ ನಿಮ್ಮಲ್ಲಿಗೆ ಬಂದು ಕರಿಘಟ್ಟ ಹತ್ತಿ ಹೋಗುತ್ತಿದ್ದವಳು ಈ ಸಲ ಬರಲಿಲ್ಲ. ನಿಮ್ಮ ಕಣ್ಣೆದುರು ನಿಲ್ಲಲು ಮುಖವಿರಲಿಲ್ಲ. ನನ್ನಿಂದ ನಿಮ್ಮ ಕೆಲಸ ಹೋಯಿತೆಂದು ಕೊರಗಿ ಕೊರಗಿ ಅರ್ಧವಾಗಿದ್ದೆ.

ಆದರೆ ಇವತ್ತು ಬೆಳಿಗ್ಗೆ ಸುಮ್ಮನೆ ಫೋನು ತೆಗೆದು ನೋಡಿದೆ. ಗೆರೆ ಹಾಗೇ ಇದೆ. ಅದೇ ಹೊತ್ತು, ಅಷ್ಟೇ ಎತ್ತರ. ಹಿಂದಕ್ಕೆ ಹೋಗಿ ನೋಡಿದರೆ ನೈವೇದ್ಯ ಪಾಂಡವಪುರಕ್ಕೆ ಹೋದ ಮೇಲೂ ಅದು ಒಂದು ದಿನವೂ ತಪ್ಪಿಲ್ಲ.

ಅಂದರೆ ಏನು ಅತ್ತಿಗೆ? ದೇವರ ಅಡುಗೆ ಹೋದರೂ ಆ ಒಲೆಯನ್ನು ಬಿಡಲು ಮನಸ್ಸು ಬರಲಿಲ್ಲವೆ? ಅಣ್ಣ ನದಿಗೆ ಹೋದ ಹೊತ್ತು ನೋಡಿ ಈಗ ಯಾರಿಗೆ ಬೇಯಿಸುತ್ತೀರಿ? ದೊಡ್ಡಪ್ಪ ಮಾಡಿದ್ದು ಸರಿಯೇ ಎಂದು ಮೊದಲ ಸಲ ಅನ್ನಿಸಿತು. ಒಂದೂವರೆ ತಿಂಗಳಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವತ್ತು ಹೊಟ್ಟೆ ತುಂಬ ಉಂಡೆ.

ಆರತಿ

*

ಬಾಬುರಾಯನಕೊಪ್ಪಲು
೨೩ ಅಕ್ಟೋಬರ್ ೨೦೨೫

ಆರತಿ,

ಹಬ್ಬದ ದಿನಗಳಲ್ಲಿ ಕೆಟ್ಟ ಮಾತು ಬರೆಯಬಾರದೆಂದು ದೀಪಾವಳಿ ಮುಗಿಯುವ ತನಕ ಸುಮ್ಮನಿದ್ದೆ. ಹೊಟ್ಟೆ ತುಂಬ ಉಂಡೆ ಅಂದೆಯಲ್ಲ, ಒಳ್ಳೆಯದಾಯಿತು. ಈಗ ನಾನು ಹೇಳುವುದನ್ನು ಕೇಳು.

ಆ ಗೆರೆ ಒಲೆಯದಲ್ಲ. ಸೀರೆಯದು.

ನಮ್ಮ ಮನೆಯ ಕ್ರಮ ನೀನು ಮರೆತಿರಲಾರೆ. ಸಂಜೆ ಹಿಂಡಿ ಗಳುವಿನ ಮೇಲೆ ಹರವಿದ ಹತ್ತಿ ಸೀರೆಯನ್ನು ಬೆಳಗಿನ ಜಾವ ಸ್ನಾನ ಮಾಡಿ ಉಡಬೇಕು. ಒಣಗಿದ್ದರೆ ಒಣಗಿದ್ದು, ಒದ್ದೆಯಾದರೆ ಒದ್ದೆಯದೇ. ಬೆಂಕಿಯ ಮುಂದೆ ರೇಷ್ಮೆ ಕೂಡದೆಂದು ನಿಮ್ಮಮ್ಮನೇ ಹೇಳಿದವರು. ಹೋದ ವರ್ಷದ ಮಳೆಗಾಲದಲ್ಲಿ ಒದ್ದೆ ಸೀರೆಯಲ್ಲೇ ಕೂತು ಕೂತು ನನ್ನ ಎದೆಗೆ ಶೀತ ಇಳಿಯಿತು. ನಿಮ್ಮಣ್ಣನಿಗೆ ಬರೀ ನೆಗಡಿ ಎಂದೆ. ಪುಟ್ಟಲಕ್ಷ್ಮಮ್ಮನನ್ನು ಜೊತೆಗೆ ಕರೆದುಕೊಂಡು ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೇಳಿದ್ದು ನನಗೆ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಅವಳು ನನ್ನೆದುರು ನಿಂತು ಬಿಡಿಸಿ ಹೇಳಿದಳು. "ಒದ್ದೆ ಬಟ್ಟೆ ಉಟ್ಕಂಡ್ರೆ ಎದೇಲಿ ನೀರು ತುಂಬ್ಕತದಂತೆ ಕಣ್ರವ್ವ. ಇನ್ನೊಂದ್ ಸಲ ಇಂಗಾದ್ರೆ ಕಷ್ಟ ಅಂದ್ಬುಟ್ರು. ಅಯ್ನೋರ್ಗೆ ಯೋಳ್ಬುಡಿ, ಅಡ್ಗೆ ಬ್ಯಾರೆ ಯಾರಾರ ಮಾಡ್ಲಿ." ಹೇಳಬೇಡವೆಂದು ನಾನು ಅವಳ ಕೈ ಹಿಡಿದುಕೊಂಡೆ.

ಹೇಳಿದ್ದರೆ ನಿಮ್ಮಣ್ಣ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದರು. ಸಿಟ್ಟಿನಿಂದಲ್ಲ, ಕನಿಕರದಿಂದ. ಸಿಟ್ಟಾದರೆ ಜಗಳವಾಡಬಹುದು, ಕನಿಕರದ ಜೊತೆ ಹೇಗೆ ಜಗಳವಾಡುವುದು? ನನಗೆ ಮಕ್ಕಳಿಲ್ಲ. ಕಿವಿ ಹೋದ ಮೇಲೆ ಗುಡಿಯ ಗಂಟೆಯೂ ಇಲ್ಲ, ಮಂತ್ರವೂ ಇಲ್ಲ. ವೇಣುಗೋಪಾಲನಿಗೆ ನಾನು ಬೇಕಾಗಿರುವುದು ಒಂದು ಪಾವು ಅಕ್ಕಿಯ ಮಟ್ಟಿಗೆ ಮಾತ್ರ. ಅದನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

ಈ ಮನೆಯಲ್ಲಿ ಸೀರೆ ಹರವುವ ಕೋಣೆಗೆ ಗಾಳಿಯೇ ಇಲ್ಲ. ಹಾಗಾಗಿ ಒಂದು ಹೀಟರು ತರಿಸಿದೆ. ನಿಮ್ಮಣ್ಣ ನದಿಗೆ ಹೊರಟ ಮೇಲೆ, ನಾನು ಸ್ನಾನಕ್ಕೆ ಹೋಗುವ ಮುಂಚೆ, ಗಳುವಿನ ಕೆಳಗೆ ಅದನ್ನಿಟ್ಟು ಹಾಕುತ್ತೇನೆ. ಸೀರೆಯನ್ನು ಮುಟ್ಟುವುದಿಲ್ಲ. ಸ್ನಾನವಾಗಿ ಸೀರೆ ಉಟ್ಟ ಮೇಲೆ ಮಡಿಕೋಲಿನ ತುದಿಯಿಂದ ಸ್ವಿಚ್ಚು ಆರಿಸುತ್ತೇನೆ. ನಗು ಬಂದರೆ ನಕ್ಕುಬಿಡು, ಮೊದಮೊದಲು ನನಗೂ ನಗು ಬರುತ್ತಿತ್ತು. ನೀನು ಕೇಳಿದಾಗ ನಿಜ ಬರೆದಿದ್ದರೆ ಅದು ನಿಮ್ಮಣ್ಣನ ಕಿವಿಗೆ ಬೀಳುತ್ತಿತ್ತು. ಗೀಜರು ಎಂದದ್ದು ಅದಕ್ಕೆ. ದೊಡ್ಡಪ್ಪನವರ ಮುಂದೆ ನೆಲ ನೋಡಿದ್ದೂ ಅದಕ್ಕೇ.

ಇನ್ನು ನೈವೇದ್ಯ ಹೋದ ಮೇಲೂ ಗೆರೆ ಏಕೆ ಎಂದು ಕೇಳಿದ್ದೀಯ. ನಾನು ಇವತ್ತಿಗೂ ಎದ್ದು, ಸ್ನಾನ ಮಾಡಿ, ಮಡಿಯುಟ್ಟು, ಆರಿದ ಒಲೆಯ ಮುಂದೆ ಕೂರುತ್ತೇನೆ. ಅಕ್ಕಿ ತೊಳೆದು ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ. ಜಪಕ್ಕೆ ಕೂತಿದ್ದಾಳೆಂದು ನಿಮ್ಮಣ್ಣ ತಿಳಿದಿದ್ದಾರೆ. ಪಾಂಡವಪುರದ ಕಾರಿನ ಚಕ್ರ ಪಂಚರಾಗಬಹುದು, ಸುಶಮೀಂದ್ರನ ಹೆಂಡತಿಗೆ ಜ್ವರ ಬರಬಹುದು. ದೇವರು ಉಪವಾಸ ಇರಬಾರದಲ್ಲ, ಒಬ್ಬರಾದರೂ ಸಿದ್ಧವಾಗಿರಬೇಕು. ಕಾರು ಬಂದು ನಿಮ್ಮಣ್ಣನನ್ನು ಹತ್ತಿಸಿಕೊಂಡು ಹೋದ ಮೇಲೆ ಪುಟ್ಟಲಕ್ಷ್ಮಮ್ಮ ಹಿತ್ತಲ ಬಾಗಿಲಿಗೆ ಬಂದು ಕಾರು ಹೋಯಿತೆಂದು ಕೈಸನ್ನೆ ಮಾಡುತ್ತಾಳೆ. ಆಗ ಎದ್ದು, ಆ ಅಕ್ಕಿಯನ್ನು ನಮ್ಮ ಊಟಕ್ಕೆ ಇಡುತ್ತೇನೆ. ಇಲ್ಲಿಯ ತನಕ ಕಾರು ಒಂದು ದಿನವೂ ತಪ್ಪಿಲ್ಲ.

ಇದನ್ನು ಯಾರಿಗೂ ಹೇಳಬೇಡ. ಈ ಸಲವಾದರೂ.

ಇಂದಿರ

*

ನಾಗಮಂಗಲ
೯ ನವೆಂಬರ್ ೨೦೨೫

ಅತ್ತಿಗೆ,

ಹೇಗೆ ಎಂದು ನೀವು ಕೇಳಿದ್ದಿರಿ. ನಾನು ಉತ್ತರ ಕೊಡದೆ ಜಾರಿಕೊಂಡೆ. ಈಗ ಹೇಳುತ್ತೇನೆ. ನಾನೇ ತೋರಿಸಿದೆ.

ಈ ಮೀಟರಿನಿಂದ ಮನೆಯವರಿಗೆ ಏನು ಸಿಗುತ್ತದೆ, ಒಂದಾದರೂ ಹೇಳು ನೋಡೋಣ ಎಂದು ಸುಶಮೀಂದ್ರ ಕೆಣಕಿದ. ಅವನ ಮುಂದೆ ಸೋಲಲು ನನಗೆ ಮನಸ್ಸಾಗಲಿಲ್ಲ. ಎಡಗೈಯಲ್ಲಿ ಫೋನು ತೆಗೆದು, ನಿಮ್ಮ ಗೆರೆಯನ್ನು ದೊಡ್ಡದು ಮಾಡಿ, ಎಲೆಗಳ ಮೇಲಿಂದ ಅವನ ಕಡೆ ಚಾಚಿದೆ. "ತಗೋ, ನಮ್ಮ ವೇಣುಗೋಪಾಲನ ಅನ್ನ ಯಾವುದರಲ್ಲಿ ಬೇಯುತ್ತೆ ಅಂತ ಕೂಡ ಹೇಳುತ್ತೆ" ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವರೆಲ್ಲ ನಕ್ಕದ್ದು ನನಗೆ ಹಿತವಾಗಿತ್ತು ಅತ್ತಿಗೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ. ದೊಡ್ಡಪ್ಪ ಒಬ್ಬರು ನಗಲಿಲ್ಲ.

ಮೀಟರು ಸುಳ್ಳು ಹೇಳಲಿಲ್ಲ. ಇಷ್ಟು ಕರೆಂಟು ಖರ್ಚಾಯಿತು ಎಂದಿತು, ಅಷ್ಟೆ. ಉಳಿದದ್ದನ್ನೆಲ್ಲ ನಾನು ಸೇರಿಸಿದೆ.

ಇಷ್ಟೇ ಆಗಿದ್ದರೆ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತಿದ್ದೆ. ಇನ್ನೊಂದೂ ಮಾಡಿದ್ದೇನೆ. ನಿಮ್ಮ ಕಾಗದ ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದಿರಿ. ನಿಜ ತಿಳಿದರೆ ದೊಡ್ಡಪ್ಪ ತಾವೇ ನಿಮಗೆ ಒಲೆಯನ್ನು ವಾಪಸು ಕೊಡಿಸುತ್ತಾರೆಂದು ನಂಬಿ ಕೆ.ಆರ್. ಪೇಟೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. "ಅಯ್ಯೋ ಪಾಪ, ಆ ಹೆಣ್ಣುಮಗಳು ಇಷ್ಟು ಕಷ್ಟಪಟ್ಟಳಾ? ಸಾಕು ಸಾಕು, ಇನ್ನಾದರೂ ಆರಾಮವಾಗಿರಲಿ" ಎಂದು ಅಲ್ಲೇ ಕೂತು ಅಣ್ಣನಿಗೆ ಫೋನ್ ಮಾಡಿದರು. ಬೇಡ ಬೇಡವೆಂದು ನಾನು ಅಂಗಲಾಚಿದೆ. ನೀವು ಯಾವ ಕನಿಕರಕ್ಕೆ ಹೆದರಿ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಿರೋ ಅದನ್ನು ನಾನೇ ನಿಮ್ಮ ಬಾಗಿಲಿಗೆ ತಂದು ಬಿಟ್ಟೆ.

ಅದಾದ ಮರುದಿನದಿಂದ ಬೆಳಗಿನ ಗೆರೆ ಇಲ್ಲ. ಮೊದಲು ಅದು ಇತ್ತೆಂದು ಸಿಟ್ಟು ಮಾಡಿಕೊಂಡವಳು ಈಗ ಅದು ಇಲ್ಲವೆಂದು ಅಳುತ್ತಿದ್ದೇನೆ. ಹೀಟರನ್ನು ಎತ್ತಿಡಿಸಿದರೆಂದೂ, ನೀವು ಏಳುವುದನ್ನೇ ಬಿಟ್ಟಿರೆಂದೂ ತಿಳಿದುಕೊಂಡೆ. ಮೊನ್ನೆ ಕರೆಂಟಿನ ಕಚೇರಿಗೆ ಹೋಗಿ ನನ್ನ ನಂಬರು ತೆಗೆಸಿ ಅಣ್ಣನ ನಂಬರು ಹಾಕಿಸಿದೆ. ಇನ್ನು ನಿಮ್ಮ ಮನೆಯೊಳಕ್ಕೆ ನನ್ನ ಕಣ್ಣು ಬರುವುದಿಲ್ಲ.

ಕ್ಷಮಿಸಿ ಎಂದು ಬರೆಯಲು ಧೈರ್ಯವಿಲ್ಲ. ಬೈದಾದರೂ ಒಂದು ಸಾಲು ಬರೆಯಿರಿ.

ಆರತಿ

*

ಬಾಬುರಾಯನಕೊಪ್ಪಲು
೧೯ ನವೆಂಬರ್ ೨೦೨೫

ಆರತಿ,

ಗೆರೆ ಏಕೆ ನಿಂತಿತೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮತ್ತೆ ನೀನೇ ಏನಾದರೊಂದು ಕಲ್ಪಿಸಿಕೊಳ್ಳುತ್ತೀಯ.

ದೊಡ್ಡಪ್ಪನವರ ಫೋನು ಬಂದ ಸಂಜೆ ನಿಮ್ಮಣ್ಣ ನನ್ನೆದುರು ಬಂದು ಕೂತರು.

"ಯಾಕೆ ನನಗೆ ಹೇಳಲಿಲ್ಲ?"

"ಹೇಳಿದ್ರೆ ಬಿಡಿಸ್ತಿದ್ರಿ."

ಇಲ್ಲ ಅನ್ನುತ್ತಾರೆಂದು ಅಂದುಕೊಂಡೆ. "ಹೌದು, ಬಿಡಿಸ್ತಿದ್ದೆ" ಅಂದರು. ಆಮೇಲೆ ಎದ್ದು ಹೀಟರನ್ನು ಅಟ್ಟದ ಮೇಲೆ ಹಾಕಿದರು. ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಬೆಳಗಿನ ಜಾವ ಎಚ್ಚರವಾದಾಗ ಸೌದೆ ಉರಿಯುವ ವಾಸನೆ. ಹೋಗಿ ನೋಡಿದರೆ ಅವರು ಎಂದಿಗಿಂತ ಮೊದಲೇ ನದಿಯಲ್ಲಿ ಮುಳುಗಿ ಬಂದು, ತಾವೇ ಮಡಿಯಲ್ಲಿ ಒಲೆ ಹೊತ್ತಿಸಿದ್ದಾರೆ. ಬೆಂಕಿಗೆ ಎಟುಕದ ಹಾಗೆ ಎತ್ತರದಲ್ಲಿ ಒಂದು ಗಳು ಕಟ್ಟಿ ನನ್ನ ಸೀರೆ ಹರವಿದ್ದಾರೆ. ಮಡಿಯುಡದೆ ನಾನು ಆ ಒಲೆ ಮುಟ್ಟುವಂತಿಲ್ಲ, ಒಲೆ ಹೊತ್ತಿಸದೆ ನನ್ನ ಮಡಿಸೀರೆ ಒಣಗುವಂತಿಲ್ಲ. ಇಷ್ಟು ದಿನ ಇದರಲ್ಲೇ ಸುತ್ತುತ್ತಿದ್ದವಳಿಗೆ, ಮಡಿಯಲ್ಲಿರುವ ಇನ್ನೊಬ್ಬರು ಮನೆಯಲ್ಲೇ ಇದ್ದಾರೆಂಬುದು ಹೊಳೆದಿರಲಿಲ್ಲ. ಹೊಳೆದಿದ್ದರೂ ಅವರನ್ನು ಕೇಳುತ್ತಿರಲಿಲ್ಲವೇನೋ. ಅದು ನನ್ನ ತಪ್ಪು. ಅದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಸೀರೆ ಬೆಚ್ಚಗಿತ್ತು. ಉಟ್ಟು ಕೂತು ಅನ್ನಕ್ಕಿಟ್ಟೆ. ಸುಶಮೀಂದ್ರನಿಗೆ ಅವರು ಫೋನಿನಲ್ಲಿ, "ಇನ್ನು ನೀನು ತರೋದು ಬೇಡ ಕಣಪ್ಪ. ಪೂಜೆ ಮಾಡೋನು ನಾನು. ಯಾರ ಕೈಯಿಂದ ಅನ್ನ ತಗೋಬೇಕು ಅಂತ ನನಗೆ ಗೊತ್ತು" ಅಂದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ದೊಡ್ಡಪ್ಪನವರೂ ಆಮೇಲೆ ಏನೂ ಹೇಳಲಿಲ್ಲ. ಸುಶಮೀಂದ್ರನ ಹೆಂಡತಿ ಅವತ್ತು ಹೊದ್ದು ಮಲಗಿ ಒಳ್ಳೆಯ ನಿದ್ದೆ ಮಾಡಿರಬೇಕು.

ಮೀಟರು ಗೋಡೆಯ ಮೇಲೆ ಕಣ್ಣು ಮಿಟುಕಿಸುತ್ತಲೇ ಇದೆ. ನಿಮ್ಮಣ್ಣನಿಗೆ ಅದರ ಗೆರೆ ತೆಗೆದು ನೋಡಲು ಬರುವುದಿಲ್ಲ. ಬಿಲ್ಲು ಸರಿಯಾಗಿ ಬರುತ್ತದೆ, ನನಗೆ ಅಷ್ಟು ಸಾಕು.

ಇನ್ನು ನಿನ್ನ ವಿಷಯ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆಯಬಹುದಿತ್ತು, ಗೀಜರಿನ ಹಾಗೆ ಅದೂ ಸುಳ್ಳಾಗುತ್ತದೆ. ನೀನು ಒಪ್ಪಿಕೊಂಡು ಬರೆದದ್ದನ್ನು ಎರಡು ಸಲ ಓದಿದೆ. ಕಾಗದದಲ್ಲಿ ಓದಿದರೆ ನನಗೆ ಸಾಲದು.

ಒಂದು ದಿನ ಬಾ. ಹಿಂದಿನ ಸಂಜೆಯೇ ಬಂದು ಉಳಿದುಕೋ. ಬೆಳಗಿನ ಜಾವ ನಾನು ಒಲೆಯ ಮುಂದೆ ಕೂತಾಗ ಹೊಸ್ತಿಲಿನಾಚೆ, ಬೆಂಕಿಯ ಬೆಳಕು ನಿನ್ನ ಮುಖದ ಮೇಲೆ ಬೀಳುವ ಕಡೆ ನಿಂತುಕೋ. ಅವತ್ತು ಪಂಕ್ತಿಯಲ್ಲಿ ಹೇಳಿ ನಗಿಸಿದೆಯಲ್ಲ, ಆ ಮಾತನ್ನು ಒಂದಕ್ಷರ ಬಿಡದೆ ನನ್ನೆದುರು ಹೇಳು. ನಿನ್ನ ತುಟಿಯ ಮೇಲೆ ನಾನು ಅದನ್ನು ನೋಡಬೇಕು.

ಆಮೇಲೆ ಕೂತು ಪ್ರಸಾದದ ಊಟ ಮಾಡುವೆಯಂತೆ. ಸೌದೆ ಇನ್ನೂ ಹಸಿ ಇದೆ, ಅಡುಗೆಮನೆಯ ತುಂಬ ಹೊಗೆ. ನಿನ್ನ ಕಣ್ಣಲ್ಲಿ ನೀರು ಬಂದರೂ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಇಂದಿರ